ಎರಡು ಬಣ್ಣದ ಮಸೆಗಲ್ಲು

ಇಚಲಕರಂಜಿ, ಸೆಪ್ಟೆಂಬರ್ ೧೪, ಭಾನುವಾರ

ಕಂಡದ್ದನ್ನೆಲ್ಲ ಎತ್ತಿಕೊಂಡು ಬರುವ ನನ್ನ ಚಟಕ್ಕೆ ಬೆಂಕಿ ಹಾಕಬೇಕು. ನೆರೆ ಇಳಿದ ಮೇಲೆ ಕುರುಂದವಾಡದ ಹೊಳೆದಂಡೆಯಲ್ಲಿ ಸಿಕ್ಕ ಮಸೆಗಲ್ಲು. ಒಂದು ಮೈ ಹಳದಿ, ಇನ್ನೊಂದು ಕಪ್ಪು. ಇಂದು ಬೆಳಿಗ್ಗೆ ಅಜ್ಜನ ಕ್ಷೌರದ ಕತ್ತಿಯನ್ನು ಕಪ್ಪು ಮೈಗೆ ಮಸೆದು ಗಡ್ಡ ಹೆರೆದುಕೊಂಡೆ. ಗಲ್ಲ ಕೊಯ್ಯಿತು.

ಇದು ಎಂಥ ಕಲ್ಲೆಂದು ಕೇಳಲು ಸಂಜೆ ಕ್ಷೌರದಂಗಡಿಯ ಸಿದ್ದರಾಯನ ಹತ್ತಿರ ಒಯ್ದೆ. ಅವನು ಮುಟ್ಟಲೇ ಇಲ್ಲ.

“ನಮ್ಮ ಹಿರ್ಯಾರ ಕಾಲದ್ದರೀ ಇದು. ಹಳದಿ ಮೈ ಬದುಕಿದ್ದವ್ರಿಗೆ. ಕರೀದು ಹೆಣದ ಗಡ್ಡ ತಗಿಯೂ ಕತ್ತಿಗೆ. ನೀವು ಯಾವ ಕಡೆ ಮಸದ್ರಿ?”

“ಹಳದಿ ಕಡೆ,” ಎಂದೆ.

ಅವನ ಕಣ್ಣು ನನ್ನ ಗಲ್ಲದ ಮೇಲೆಯೇ ಇತ್ತು. “ರಕ್ತ ಬಂತಲ್ರಿ?”

“ಭಾಳ ಬಂತು.”

ಈಗ ಮತ್ತೆ ಕನ್ನಡಿ ನೋಡಿದೆ. ಗಾಯ ಬಾಯಿ ತೆರೆದೇ ಇದೆ. ಬೆಳಗಿನಿಂದ ಒಂದು ಹನಿಯೂ ಬಂದಿಲ್ಲ.