ಉತ್ತಮ ಪುರುಷನ ಎರಡು ತಿಂಗಳು

ಮಾರ್ಚ್ 3, ಸೋಮವಾರ

ಎಂಟಕ್ಕೆ ಆಸ್ಪತ್ರೆ. ಊಟಕ್ಕೆ ಮುಂಚೆ ಮೂವರು ಮುಗಿದರು. ಮೂಳೆ, ಕಿವಿ, ಬಾಣಂತಿ. ಹಿಂದಿಯವರ ನೋವನ್ನು ಕನ್ನಡಕ್ಕೆ ತರುವುದು, ಡಾಕ್ಟರರ ಕನ್ನಡವನ್ನು ಹಿಂದಿಗೆ ಇಳಿಸುವುದು. ದುಭಾಷಿಯ ಕೆಲಸ. ಹೆಂಡತಿ, ಅಂದರೆ ಇವಳು, ಕನ್ನಡಕದ ಅಂಗಡಿಯಲ್ಲಿದ್ದಾಳೆ. ಮನೆಯಲ್ಲಿ ಒಬ್ಬರು ಕನ್ನಡ, ಒಬ್ಬರು ಕನ್ನಡಕ ಮಾರಿ ಬದುಕುತ್ತೇವೆ. ಗಿರಾಕಿ ಕನ್ನಡಕಕ್ಕೇ ಜಾಸ್ತಿ.

ಮಧ್ಯಾಹ್ನ ಮೀಟಿಂಗು. ನಮ್ಮ ವಿಭಾಗದ ಮೇಡಂ ಸುತ್ತೋಲೆ ಓದಿದರು. ಸಾವಿನ ಸುದ್ದಿಯನ್ನು ಇನ್ನು ಸುತ್ತಿಬಳಸಿ ಹೇಳುವಂತಿಲ್ಲ. ಕಳೆದ ತಿಂಗಳು ನಮ್ಮವನೊಬ್ಬ ‘ವೋ ಅಬ್ ನಹೀಂ ರಹೇ’, ಅವರು ಇನ್ನಿಲ್ಲ, ಎಂದು ಮೆತ್ತಗೆ ಹೇಳಿ ಜಾರಿಕೊಂಡ. ಗಾಬರಿಯಲ್ಲಿದ್ದ ಮನೆಯವರು, ಈ ವಾರ್ಡಿನಲ್ಲಿ ಇಲ್ಲ ಅಂದುಕೊಂಡು ಮೂರು ಮಹಡಿ ಹುಡುಕಿದರಂತೆ.

‘ಮೃತ್ಯು ಅನ್ನಿ, ಇಲ್ಲ ಮೌತ್ ಅನ್ನಿ. ಪದ ಬಾಯಿಂದ ಹೊರಗೆ ಬರಬೇಕು.’

‘ಮೌತ್ ಬಾಯಿಂದಲೇ ಬರೋದು ಮೇಡಂ,’ ಅಂದೆ.

ಯಾರೂ ನಗಲಿಲ್ಲ. ಇಂಗ್ಲಿಷಿನಲ್ಲಿ ಬಾಯಿಗೆ ಏನಂತಾರೆ ಎಂದು ವಿವರಿಸಿದೆ. ಆಮೇಲಂತೂ ನಗಲೇ ಇಲ್ಲ. ಶಿಕ್ಷೆಯೆಂದು ಬೋರ್ಡಿನ ಮೇಲೆ ಸಾವಿನ ಹಿಂದಿ ಪದಗಳ ಪಟ್ಟಿ ನನ್ನಿಂದಲೇ ಬರೆಸಿದರು. ಮೃತ್ಯು — ಅರ್ಜಿಗೆ, ಸರ್ಟಿಫಿಕೇಟಿಗೆ. ಇಸ್ತ್ರಿ ಹಾಕಿದ ಪದ. ನಿಧನ್, ದೇಹಾಂತ್ — ಪೇಪರಿನಲ್ಲಿ ಫೋಟೊ ಬರುವವರಿಗೆ. ಗುಜರ್ ಗಯೇ, ಚಲ್ ಬಸೇ — ಮನೆಯ ಹಿರಿಯರಿಗೆ, ಬಹುವಚನದಲ್ಲಿ. ಮರ್ ಗಯಾ — ಸೊಳ್ಳೆ, ಮೊಬೈಲಿನ ಬ್ಯಾಟರಿ, ಬಸ್ಸು ತಪ್ಪಿಸಿಕೊಂಡಾಗ ತಾನು. ಮೌತ್ — ಬಾಯಿಗೆ ಬಂದಾಗಲೆಲ್ಲ. ಹಿಂದಿಯಲ್ಲಿ ಅದು ಹೆಂಗಸು, ಬರುತ್ತಾಳೆ. ನಮ್ಮ ಸಾವು ಪಾಪ, ಬರೀ ಬರುತ್ತೆ.

ಸಂಜೆ ಬ್ರೆಡ್ಡನ್ನು ಹಾಲಿನಲ್ಲಿ ಮುಳುಗಿಸಿ ತಿಂದೆ. ‘ಏನ್ರೀ ಇದು, ಹಲ್ಲು ಬರದ ಮಗು ಹಾಗೆ?’ ಅಂದಳು. ಹೊಸ ರುಚಿ ಅಂದೆ.

ಎರಡು ತಿಂಗಳಾಯಿತು. ಒಣ ತುತ್ತು ಎದೆಮೂಳೆಯ ಹಿಂದೆ ನಿಂತುಬಿಡುತ್ತದೆ. ನೀರು ಕುಡಿದರೆ ಇಳಿಯುತ್ತದೆ. ಇಳಿಯುತ್ತದಲ್ಲ… ಬಿಡು.

ಮಾರ್ಚ್ 5, ಬುಧವಾರ

ಆದದ್ದನ್ನು ಆದ ಹಾಗೆ ಬರೆಯಬೇಕು.

ಹನ್ನೊಂದಕ್ಕೆ ಹೊಟ್ಟೆ ಡಾಕ್ಟರಮ್ಮನ ಕೋಣೆ. ರೋಗಿ ಬೀಗ ರಿಪೇರಿ ಮಾಡುವವರು, ಅರವತ್ತೆರಡು ವರ್ಷ, ಹಿಂದಿ ಬಿಟ್ಟರೆ ಬೇರೆ ಬಾರದು. ಜೊತೆಗೆ ಮಗಳು, ಅವಳಿಗೂ ಬಾರದು. ಬೀಗದವರಾದ್ದರಿಂದ ಮನಸ್ಸಿನಲ್ಲೇ ‘ಬೀಗರು’ ಎಂದು ಹೆಸರಿಟ್ಟೆ. ಹೆಣ್ಣು ಕೊಡದೆ ತರದೆ ಸಂಬಂಧ ಕುದುರಿತು.

ನಮ್ಮ ಕೆಲಸದ ಮೊದಲ ನಿಯಮ: ರೋಗಿ ‘ನಾನು’ ಅಂದರೆ ನಾವೂ ‘ನಾನು’ ಅನ್ನಬೇಕು. ‘ಅವರಿಗೆ ನೋವಂತೆ’ ಅನ್ನುವಂತಿಲ್ಲ. ವ್ಯಾಕರಣದಲ್ಲಿ ಇದಕ್ಕೆ ಉತ್ತಮ ಪುರುಷ ಎನ್ನುತ್ತಾರೆ. ಹದಿನಾಲ್ಕು ವರ್ಷದಿಂದ ನಾನು ಸಂಬಳದ ಉತ್ತಮ ಪುರುಷ. ಈ ಬಾಯಲ್ಲಿ ಬಸಿರಾಗಿದ್ದೇನೆ, ಮೂಲವ್ಯಾಧಿಗೆ ಅತ್ತಿದ್ದೇನೆ, ಒಂದೇ ಮಧ್ಯಾಹ್ನ ಎರಡು ಸಲ ಹೆತ್ತಿದ್ದೇನೆ. ಯಾವುದೂ ಮೈಗೆ ಅಂಟಿರಲಿಲ್ಲ.

ಬೀಗರು ಶುರುಮಾಡಿದರು. ನಾನು ಹಿಂದೆಯೇ ಹೇಳುತ್ತ ಹೋದೆ.

‘ನನಗೆ ತುತ್ತು ಇಲ್ಲಿ ನಿಲ್ಲುತ್ತೆ.’ ಅವರ ಕೈ ಅವರ ಎದೆಯ ಮೇಲೆ. ನನ್ನ ಕೈ ನನ್ನ ಎದೆಯ ಮೇಲೆ. ‘ನೀರು ಕುಡಿದ್ರೆ ಇಳಿಯುತ್ತೆ. ಬ್ರೆಡ್ಡು ನೆನೆಸ್ಕೊಂಡು ತಿಂತೀನಿ. ಮನೇಲಿ ಯಾರಿಗೂ ಹೇಳಿರ್ಲಿಲ್ಲ.’

‘ಎಷ್ಟು ದಿನದಿಂದ?’ ಡಾಕ್ಟರಮ್ಮ ಕೇಳಿದರು. ಹಿಂದಿಯಲ್ಲಿ ಕೇಳಿದೆ.

‘ಪಾಂಚ್ ಮಹೀನೇ,’ ಅಂದರು ಬೀಗರು. ಐದು ತಿಂಗಳು.

‘ಎರಡು ತಿಂಗಳಿಂದ,’ ಅಂದೆ ನಾನು.

ಗೊತ್ತೇ ಆಗಲಿಲ್ಲ. ದೇವರಾಣೆ.

‘ಎರಡೇನಾ? ಮೂರು ದಾಟಿದ್ರೆ ಇದೇ ವಾರ ಕ್ಯಾಮೆರಾ ಇಳಿಸಿ ನೋಡ್ತಿದ್ದೆ. ದೊಡ್ಡ ಕ್ಯೂ ಇದೆ. ಏಪ್ರಿಲ್ ಒಂಬತ್ತಕ್ಕೆ ಬರೀತೀನಿ,’ ಅಂದರು ಡಾಕ್ಟರಮ್ಮ. ಅದನ್ನು — ಬರೀ ತಾರೀಖನ್ನು — ಹಿಂದಿಗೆ ಇಳಿಸಿದೆ. ಅಷ್ಟು ದೂರವೇ ಎಂದು ಮಗಳು ಕೇಳಿದಳು. ಕ್ಯೂ ಇದೆ ಅಂದೆ. ಬೀಗರು ಕೈಮುಗಿದರು. ನನಗೂ.

ಲಿಫ್ಟಿನಲ್ಲಿ ನಾಲ್ಕನೇ ಮಹಡಿಯಿಂದ ಇಳಿಯುವಾಗ ಹೊಳೆಯಿತು. ಎರಡು ನನ್ನದು.

ಮಾರ್ಚ್ 6, ಗುರುವಾರ

ಡಾಕ್ಟರಮ್ಮನ ಬಾಗಿಲವರೆಗೆ ಹೋದೆ. ಹೇಳಬೇಕಾದ್ದು ಒಂದೇ ಮಾತು, ಎರಡಲ್ಲ ಐದು. ಅವರು ಕೇಳುವುದೂ ಒಂದೇ ಮಾತು: ಎರಡು ಎಲ್ಲಿಂದ ಬಂತು?

ಬಾಯಿಬಿಟ್ಟರೆ ಬಾಯೊಳಗೆ ಕ್ಯಾಮೆರಾ.

ಕ್ಯಾಮೆರಾ ಇಳಿದರೆ ಏನಾದರೂ ಕಾಣಿಸುತ್ತದೆ. ಕಾಣಿಸಿದ್ದಕ್ಕೆ ಹೆಸರಿರುತ್ತದೆ. ಹೆಸರಿಲ್ಲದಿರುವಾಗ ಅದು ಬರೀ ತುತ್ತು.

ಬಾಗಿಲಿನ ನೋಟೀಸು ಓದಿ ವಾಪಸು ಬಂದೆ. ಕೈ ತೊಳೆಯುವ ಏಳು ಹಂತಗಳು. ಕೈ ತೊಳೆದುಕೊಂಡೆ ಅಂತಲೇ ಬರೆಯಬಹುದು.

ಮಾರ್ಚ್ 7, ಶುಕ್ರವಾರ

ಡಾಕ್ಟರಮ್ಮ ರಜೆ. ಎಷ್ಟು ಖುಷಿಯಾಯಿತು ಎಂದು ಬರೆಯಲು ನಾಚಿಕೆ.

ಮಾರ್ಚ್ 14, ಶುಕ್ರವಾರ

ಡಾಕ್ಟರಮ್ಮ ಸೋಮವಾರವೇ ಬಂದಿದ್ದಾರೆ. ನಾನು ಆ ಮಹಡಿಗೆ ಹೋಗಿಲ್ಲ. ಹೊಟ್ಟೆಯವರನ್ನೆಲ್ಲ ಜೊತೆಯವನಿಗೆ ದಾಟಿಸಿದೆ.

ಇವತ್ತು ತಪ್ಪಿಸಿಕೊಳ್ಳಲಾಗಲಿಲ್ಲ. ಬೀಗರು ರಕ್ತಪರೀಕ್ಷೆಗೆ ಬಂದಿದ್ದರು. ಪ್ಯಾಂಟಿಗೆ ಬೆಲ್ಟಿನ ಬದಲು ದಾರ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, ‘ಯೇ ಸೀಢಿಯಾಂ ತೋ ಮೌತ್ ಹೈಂ,’ ಅಂದರು. ಈ ಮೆಟ್ಟಿಲುಗಳು ಸಾವು. ಅವರ ಬಾಯಲ್ಲಿ ಎಲ್ಲವೂ ಮೌತ್. ಸಕ್ಕರೆಯಿಲ್ಲದ ಚಹಾ ಮೌತ್, ಅಳಿಯನ ಫೋನು ಮೌತ್, ರಕ್ತ ಎಳೆಯುವ ನರ್ಸು ಮೌತಿನ ತಂಗಿ. ತೀರಿಹೋದ ಹೆಂಡತಿಯ ಮಾತು ಬಂದಾಗ ಮಾತ್ರ ದನಿ ತಗ್ಗಿಸಿ ‘ಗುಜರ್ ಗಯೀಂ’ ಅಂದರು. ಆಕೆಯ ಹತ್ತಿರ ಆ ಇನ್ನೊಬ್ಬಳನ್ನು, ಮೌತನ್ನು, ಸುಳಿಯಗೊಡಲಿಲ್ಲ.

ನಮ್ಮ ಕೋಣೆಯ ಬೀರು ವಾರದಿಂದ ತೆಗೆಯಲಾಗದೆ ಕೂತಿತ್ತು. ಕಾಯುವ ಹೊತ್ತಿನಲ್ಲಿ ಅದನ್ನು ನೋಡಿ ಎದ್ದರು. ಮಗಳ ಕೂದಲ ಪಿನ್ನು ತಗೊಂಡು ಅರ್ಧ ನಿಮಿಷ ಕಿವಿಗೊಟ್ಟು ತಿರುಗಿಸಿದರು.

‘ಬೀಗ ಚೆನ್ನಾಗಿದೆ ಸಾಹೇಬ್ರೇ. ನೀವೆಲ್ಲ ಹೆದರಿ ಅರ್ಧಕ್ಕೇ ಬಿಡ್ತೀರಿ, ಅಷ್ಟೆ,’ ಎಂದು ಹಿಂದಿಯಲ್ಲಿ ಅಂದರು.

ಚಹಾ ಕೊಡಿಸಿದೆ. ಎರಡು ಗುಟುಕು ಇಳಿದಿತ್ತು, ಮೂರನೆಯದು ವಾಪಸು ಬಂತು. ಕರವಸ್ತ್ರ ಹಿಡಿದು ಗೋಡೆಯ ಕಡೆ ತಿರುಗಿಕೊಂಡರು. ಚಹಾವೂ ಇಳಿಯುತ್ತಿಲ್ಲ. ಮಗಳು ನನ್ನನ್ನು ನೋಡಿದಳು. ‘ಏಪ್ರಿಲ್ ಒಂಬತ್ತಕ್ಕಿಂತ ಮುಂಚೆ ಆಗೋದೇ ಇಲ್ವಾ ಭಾಯಿಸಾಬ್?’

ಕೇಳಿ ನೋಡುತ್ತೇನೆ ಅಂದೆ.

ಮಾರ್ಚ್ 16, ಭಾನುವಾರ

ನಾಳೆ ಹೇಳುತ್ತೇನೆ. ಬರೆದಿಟ್ಟಿದ್ದೇನೆ, ಇನ್ನು ಅಳಿಸುವಂತಿಲ್ಲ.

ಮಧ್ಯಾಹ್ನ ಇವಳು ಮೊಟ್ಟೆ ಬೇಯಿಸಿ ಕೊಟ್ಟಳು. ಹಳದಿ ಭಾಗ ಸಿಕ್ಕಿಕೊಂಡಿತು. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ನಿಂತೆ. ಬೆವರು, ಕಣ್ಣಲ್ಲಿ ನೀರು, ಉಸಿರು ಬರುತ್ತದೆ ಆದರೆ ಬಂದಂತಾಗುವುದಿಲ್ಲ. ಕನ್ನಡಿಯಲ್ಲಿ ಬೀಗರ ಮುಖವೇ ಕಾಣಿಸಿದ ಹಾಗಾಯಿತು.

ಹೊರಗೆ ಬಂದಾಗ ಇವಳು ಬಾಗಿಲಲ್ಲೇ ಇದ್ದಳು.

‘ಏನಾಯ್ತು?’

‘ಏನಿಲ್ಲ ಕಣೇ.’

‘ಏನಿಲ್ಲದ್ದಕ್ಕೆ ಇಷ್ಟು ನೀರು ಬೇಕಾ?’

ಮಾರ್ಚ್ 17, ಸೋಮವಾರ

ಹೇಳಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ‘ಹದಿನಾಲ್ಕು ವರ್ಷದ ಅನುಭವ ಇರೋರು, ಐದನ್ನ ಎರಡು ಅಂತ ಹೇಗೆ ಹೇಳಿದ್ರಿ?’

‘ನನ್ನದು ಹೇಳಿಬಿಟ್ಟೆ ಡಾಕ್ಟ್ರೇ.’

ಬೈದಿದ್ದರೆ ಚೆನ್ನಾಗಿತ್ತು. ಫೋನೆತ್ತಿ ಬೀಗರಿಗೆ ಬುಧವಾರ ಬೆಳಿಗ್ಗೆ ಜಾಗ ಮಾಡಿಸಿದರು. ಫೋನು ಇಡದೆ ನನ್ನನ್ನೇ ನೋಡುತ್ತ, ‘ಗುರುವಾರ ಇನ್ನೊಂದು. ಹೌದು, ಸಿಬ್ಬಂದಿ,’ ಅಂದರು.

ಮೇಡಂ ಹತ್ತಿರ ಲಿಖಿತ ಹೇಳಿಕೆ ಕೊಟ್ಟೆ. ವಿಚಾರಣೆ ಆಗುತ್ತದಂತೆ. ಕೆಲಸ ಹೋಗಬಹುದು. ಅದರ ಬಗ್ಗೆ ಭಯಪಡಲು ಪ್ರಯತ್ನಿಸಿದೆ, ಆಗಲಿಲ್ಲ. ಇರುವ ಭಯವೆಲ್ಲ ಬೇರೆ ಕಡೆ ಖರ್ಚಾಗಿದೆ.

‘ಅವರಿಗೂ ನೀವೇ ಹೇಳ್ಬೇಕು,’ ಅಂದರು ಮೇಡಂ.

ಮಾರ್ಚ್ 19, ಬುಧವಾರ

ಬೀಗರನ್ನು ಒಳಗೆ ಕರೆಯುವ ಮುಂಚೆ ಹೇಳಿದೆ. ತಪ್ಪು ನನ್ನದು, ಹನ್ನೆರಡು ದಿನ ಸುಮ್ಮನಿದ್ದದ್ದೂ ನನ್ನದೇ. ಕಾರಣವನ್ನೂ ಹೇಳಿದೆ.

ಅವರು ನನ್ನ ಎದೆಯನ್ನು, ಗುಂಡಿಗಳ ಹತ್ತಿರ, ಕೆಟ್ಟ ಬೀಗ ನೋಡುವ ಹಾಗೆ ನೋಡಿದರು. ‘ಮನೇಲಿ ಹೇಳಿದ್ದೀರಾ?’ ಇಲ್ಲ ಅಂದೆ. ‘ನಾನೂ ಹೇಳಿರ್ಲಿಲ್ಲ,’ ಅಂದರು.

ಮಗಳು ಅಷ್ಟಕ್ಕೇ ಬಿಡಲಿಲ್ಲ. ‘ನಮ್ಮಪ್ಪನ ಹನ್ನೆರಡು ದಿನ ನಿಮ್ಮ ಜೇಬಲ್ಲಿತ್ತು. ನೀವು ಅದನ್ನ ಇಟ್ಕೊಂಡು ನಮಗೆ ಚಹಾ ಕೊಡಿಸಿದ್ರಿ.’ ಕೂಗಲಿಲ್ಲ, ಅಳಲಿಲ್ಲ. ಇದನ್ನು ಯಾವ ಭಾಷೆಗೂ ಮೆತ್ತಗೆ ಇಳಿಸಲಾಗದು.

ಸಂಜೆ ಇವಳಿಗೆ ಹೇಳಿದೆ. ಕೇಳಿ, ಎದ್ದು ಹೋಗಿ, ಒಗೆದ ಬಟ್ಟೆ ಮಡಿಸಿದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು.

ಮಾರ್ಚ್ 20, ಗುರುವಾರ

ನನ್ನ ಸರದಿ. ಫಾರಂ ತುಂಬುವ ನರ್ಸು ಕೇಳಿದಳು, ‘ಎಷ್ಟು ದಿನದಿಂದ ತೊಂದರೆ?’

ಎರಡು ತಿಂಗಳು ಎನ್ನಲು ಬಾಯಿ ತೆರೆದೆ.

‘ಆರು ತಿಂಗಳು,’ ಅಂದಳು ಇವಳು ಪಕ್ಕದಿಂದ. ‘ಸೆಪ್ಟೆಂಬರಲ್ಲಿ ಸೇಬು ಬಿಟ್ರು. ನವೆಂಬರಲ್ಲಿ ಬ್ರೆಡ್ಡಿನ ಅಂಚು. ಹೊಸ ವರ್ಷದಿಂದ ಎಲ್ಲದಕ್ಕೂ ಹಾಲು. ಹೇಳ್ತಾರೆ ಹೇಳ್ತಾರೆ ಅಂತ ನಾನೂ ಕಾದೆ.’

ನರ್ಸು ಆರು ಎಂದು ಬರೆದುಕೊಂಡಳು.

ಹೌದು, ಸೇಬು. ಹೇಗೆ ಮರೆತಿದ್ದೆ? ಮರೆತಿರಲಿಲ್ಲ. ಈ ಪುಸ್ತಕಕ್ಕೂ ಎರಡು ಎಂದೇ ಹೇಳುತ್ತ ಬಂದಿದ್ದೆ. ಓದುವವರು ಯಾರೂ ಇಲ್ಲದ ಕಡೆಯೂ.

ಗಂಟಲು ಮರಗಟ್ಟಿಸಿದರು. ಟ್ಯೂಬು. ಕಣ್ಣು ಮುಚ್ಚಿದ್ದೆ. ಡಾಕ್ಟರಮ್ಮ ‘ಪರೀಕ್ಷೆಗೆ ಒಂದು ಚೂರು ತಗೊಳ್ತೀನಿ’ ಎಂದದ್ದು ಕೇಳಿಸಿತು. ಎಲ್ಲರಿಗೂ ತಗೊಳ್ತೀರಾ ಎಂದು ಕೇಳಬೇಕೆನಿಸಿತು, ಬಾಯಿ ತುಂಬ ಟ್ಯೂಬಿತ್ತು. ಒಂದು ವಾರ ಕಾಯಬೇಕು.

ಮಾರ್ಚ್ 26, ಬುಧವಾರ

ಬೀಗರ ವರದಿ. ಬೇರೆ ದುಭಾಷಿ ಕೊಡುತ್ತೇವೆಂದು ಮೇಡಂ ಹೇಳಿದ್ದರು. ಬೇಡ, ಅವರೇ ಬರಲಿ ಅಂದರಂತೆ ಬೀಗರು. ಯಾಕೆಂದು ಕೇಳುವ ಧೈರ್ಯ ನನಗಿಲ್ಲ. ಮಗಳು ನನ್ನ ಕಡೆ ನೋಡಲೇ ಇಲ್ಲ.

ಡಾಕ್ಟರಮ್ಮ ಒಂದೊಂದೇ ವಾಕ್ಯ ಹೇಳಿದರು. ಗಡ್ಡೆ ಇದೆ. ಕ್ಯಾನ್ಸರ್. ಲಿವರಿಗೂ ಹೋಗಿದೆ. ನಾನು ಒಂದೊಂದೇ ವಾಕ್ಯ ದಾಟಿಸಿದೆ. ನಿಯಮದಂತೆ ಏನನ್ನೂ ಮೆತ್ತಗೆ ಮಾಡಲಿಲ್ಲ.

ಬೀಗರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ನೆಟ್ಟಗೆ ಕೂತರು.

‘ಕ್ಯಾ ಇಸ್ ಸೇ ಮೇರೀ ಮೃತ್ಯು ಹೋಗೀ?’

ಮೃತ್ಯು. ಮೆಟ್ಟಿಲಿಗೆ, ಚಹಾಕ್ಕೆ, ಅಳಿಯನಿಗೆ ಮೌತ್ ಮೌತ್ ಎನ್ನುತ್ತಿದ್ದ ಮನುಷ್ಯ ಮೊದಲ ಸಲ ಆ ಪದ ತೆಗೆದರು, ಸಾಹೇಬರ ಮುಂದೆ ಟೋಪಿ ತೆಗೆಯುವ ಹಾಗೆ. ಮೌತಿನ ಜೊತೆ ಅವರಿಗೆ ಸಲಿಗೆಯಿತ್ತು. ಮೃತ್ಯುವಿನ ಪರಿಚಯ ಅವರಿಗಿಲ್ಲ.

ನಾನು ಬಾಯಿ ತೆರೆಯುವ ಮುಂಚೆಯೇ ಡಾಕ್ಟರಮ್ಮನಿಗೆ ಅರ್ಥವಾಗಿತ್ತು. ಮೃತ್ಯು ಕನ್ನಡದಲ್ಲೂ ಮೃತ್ಯುವೇ. ಆದರೂ ನಿಯಮ ನಿಯಮ. ಹೇಳಿದೆ:

‘ಇದರಿಂದ ನಾನು ಸಾಯ್ತೀನಾ?’

ಡಾಕ್ಟರಮ್ಮ ನನ್ನನ್ನು ನೋಡಿದರು. ಆಮೇಲೆ, ಹೆಚ್ಚು ಹೊತ್ತು, ಅವರನ್ನು.

‘ಹೌದು. ಇವತ್ತು ನಾಳೆ ಅಲ್ಲ. ನುಂಗೋಕೆ ಆಗೋ ಹಾಗೆ ಒಳಗೆ ಒಂದು ಕೊಳವೆ ಇಡ್ತೀವಿ. ಔಷಧಿ ಕೊಡ್ತೀವಿ. ಒಂದು ವರ್ಷ ಸಿಗಬಹುದು.’

ದಾಟಿಸಿದೆ. ‘ಹಾಂ, ಮೃತ್ಯು ಹೋಗೀ.’ ಪದ ಬಾಯಿಂದ ಹೊರಗೆ ಬಂತು.

ಹನ್ನೆರಡು ದಿನ ತಡವಾದದ್ದರಿಂದ ವ್ಯತ್ಯಾಸ ಆಯಿತೇ ಎಂದು ಮಗಳು ಕೇಳಿದಳು. ಅದನ್ನೂ ನಾನೇ ಕನ್ನಡಕ್ಕೆ ತಂದೆ. ‘ಹನ್ನೆರಡು ದಿನದಿಂದ ಇಲ್ಲ. ಐದು ತಿಂಗಳು ತಡೆದದ್ದರಿಂದ ಆಗಿರಬಹುದು,’ ಅಂದರು ಡಾಕ್ಟರಮ್ಮ. ಉತ್ತರ ಅವರಿಗೆ. ಕೇಳಿಸಿಕೊಂಡವರು ಇಬ್ಬರು.

ಹೊರಗೆ ಬೀಗರು ನನ್ನ ಭುಜದ ಮೇಲೆ ಕೈಯಿಟ್ಟರು. ‘ನಾಳೆ ನಿಮ್ಮದು ಅಲ್ವಾ?’ ಹೌದು ಅಂದೆ. ಮಗಳು ಅವರ ಚೀಲ ತಗೊಂಡು ಮುಂದೆ ನಡೆದಳು.

ಮಾರ್ಚ್ 27, ಗುರುವಾರ, ಬೆಳಿಗ್ಗೆ 10:40

ಕಾಯುವ ಬೆಂಚು. ಹದಿನಾಲ್ಕು ವರ್ಷ ಇದರ ಮುಂದೆ ಓಡಾಡಿದ್ದೇನೆ, ಕೂತದ್ದು ಇವತ್ತೇ. ಒಂದು ಕಾಲು ಗಿಡ್ಡ, ಅಲುಗಿದರೆ ಟಕ್ ಅನ್ನುತ್ತದೆ. ನಾನು ನಡುಗುತ್ತಿರುವುದು ಸಾಲಿನಲ್ಲಿರುವವರಿಗೆಲ್ಲ ಕೇಳಿಸುತ್ತಿದೆ.

‘ಏನ್ ಬರೀತಿದ್ದೀರಿ?’ ಇವಳು.

‘ಜೋಕು.’

‘ಒಂದೂ ಬರ್ತಿಲ್ಲ ಅಲ್ವಾ?’

ಇಲ್ಲ ಅಂದೆ. ಕೈ ಹಿಡಿದುಕೊಂಡಳು, ಬರೆಯುವ ಕೈಯನ್ನಲ್ಲ.

10:55

ಮುಂದಿನ ನಂಬರು ನಮ್ಮದು. ಒಳಗೆ ಹೋದರೆ ಮಾತು ಮರೆಯುತ್ತದೆ. ಬೇರೆಯವರ ಪ್ರಶ್ನೆಗಳನ್ನು ಕೇಳಿ ಕೇಳಿ ಅಭ್ಯಾಸ, ನನ್ನದು ಬರುವುದಿಲ್ಲ. ಇಲ್ಲಿ ಬರೆದುಕೊಂಡು ನೋಡಿ ಓದುತ್ತೇನೆ. ಐದಾರು ಪದ ಸಾಕು.

ಬಾಗಿಲು ತೆಗೆದರು. ಇವಳು ಎದ್ದಳು.

ಡಾಕ್ಟ್ರೇ, ನನಗೆ