ನಮ್ಮ ನಾಯಿಗೆ ಮಲಯಾಳ ಬಾರದೆಂಬ ಅಪರಾಧ

ಮಾನ್ಯರೇ,

ನಿಮ್ಮ ಮೇಜಿನ ಮುಂದೆ ನಿಂತು ನಾನು ಹೇಳಿದ್ದು ನಿಮಗೆ ಕೇಳಿಸಲಿಲ್ಲ. ಆದ್ದರಿಂದ ಈಗ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳುತ್ತಿದ್ದೇನೆ. ವಿದೇಶಕ್ಕೆ ಹೊರಟ ಸಾಕುಪ್ರಾಣಿಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಕೊಚ್ಚಿಯ ಕಚೇರಿಯಲ್ಲಿ ಕುಳಿತಿರುವ ತಾವು, ಕಳೆದ ವಾರ ನಮ್ಮ ನಾಯಿ ಬೊಳ್ಳುವಿನ ಕಾಗದದ ಮೇಲೆ "ಆಜ್ಞೆ ಪಾಲಿಸುವುದಿಲ್ಲ, ಸಾಗಣೆಗೆ ಅಯೋಗ್ಯ" ಎಂದು ಬರೆದು ಮೊಹರು ಒತ್ತಿದಿರಿ. ಅವನ ತಪ್ಪು ಒಂದೇ. ನೀವು ಮಲಯಾಳದಲ್ಲಿ ಕೂರು ಎಂದಿರಿ, ಅವನು ಕೂರಲಿಲ್ಲ.

ಓದುವವರಿಗೆ ವಿಷಯ ತಿಳಿಯಲಿ. ನನ್ನ ಮಗಳು ವಿಜೇತಾ ಮರಗೆಣಸಿನ ರೋಗಗಳ ಬಗ್ಗೆ ಸಂಶೋಧನೆ ಮಾಡುವವಳು. ಅವಳನ್ನು ತಾಂಜಾನಿಯಾ ದೇಶಕ್ಕೆ ಕರೆದಿದ್ದಾರೆ. ಅಲ್ಲಿಯೂ ಬಡವರ ಹೊಟ್ಟೆ ತುಂಬಿಸುವುದು ಮರಗೆಣಸೇ ಅಂತೆ. ಅಳಿಯ ಮುಂದಾಗಿ ಹೋಗಿ ಮನೆ ಹಿಡಿದಿದ್ದಾನೆ. ಇನ್ನು ಹೊರಡಬೇಕಾದವರು ಮಗಳು, ಮೊಮ್ಮಗಳು ನಿಖಿತಾ, ನಾನು, ಬೆಕ್ಕು ಮತ್ತು ಬೊಳ್ಳು. ಓಣಂ ಕಳೆದ ಕೂಡಲೇ ಪ್ರಯಾಣ. ಚುಚ್ಚುಮದ್ದು ಆಗಿದೆ, ಆ ದೇಶದ ಒಪ್ಪಿಗೆ ಬಂದಿದೆ, ವಿಮಾನದವರು ಹೇಳಿದ ಅಳತೆಯ ಗೂಡೂ ಸಿದ್ಧವಾಗಿದೆ. ಬಾಕಿ ಇದ್ದದ್ದು ನಿಮ್ಮ ಸಹಿ.

ಅದಕ್ಕಾಗಿ ತಿರುವನಂತಪುರದ ಶ್ರೀಕಾರ್ಯದಿಂದ ಕೊಚ್ಚಿಯವರೆಗೆ ಕಾರು ಮಾಡಿಕೊಂಡು ಬಂದೆವು. ದಾರಿಯುದ್ದಕ್ಕೂ ಬೆಕ್ಕು ಕಿರುಚಿತು. ಬೊಳ್ಳು ಮಾತ್ರ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ನಿಮ್ಮ ಕೋಣೆಯಲ್ಲಿ ನೀವು ಮೊದಲು ಬೆಕ್ಕನ್ನು ನೋಡಿದಿರಿ. ಅದು ನಿಮ್ಮ ಕೈ ಪರಚಿ ಕಪಾಟಿನ ಮೇಲೆ ಹತ್ತಿ ಕುಳಿತಿತು. "ಬೆಕ್ಕಲ್ವಾ, ಅದು ಹಾಗೇ" ಎಂದು ನಕ್ಕು ಸಹಿ ಹಾಕಿದಿರಿ. ಯಾವ ಭಾಷೆಯಲ್ಲಿ ಕರೆದರೂ ಬಾರದ ಪ್ರಾಣಿಗೆ ತಮ್ಮಿಂದ ಸನ್ನಡತೆಯ ಪತ್ರ ದೊರೆಯಿತು. ಆಮೇಲೆ ಬೊಳ್ಳುವಿನ ಸರದಿ.

"ಇರಿಕ್ಕೆಡಾ!" ಎಂದಿರಿ. ಅವನು ಬಾಲ ಆಡಿಸಿದ. ಇನ್ನೊಮ್ಮೆ ಗದರಿದಿರಿ. ಅವನು ನನ್ನ ಮುಖ ನೋಡಿದ. ಮೂರನೆಯ ಸಲ ಕೈಯಲ್ಲಿದ್ದ ರೂಲು ದೊಣ್ಣೆಯಿಂದ ಮೇಜಿಗೆ ಬಡಿದಿರಿ, ಆಗ ಗುರುಗುಟ್ಟಿದ. ಬಡಿದರೆ ನಾನೂ ಗುರುಗುಟ್ಟುತ್ತೇನೆ.

"ಬೊಳ್ಳು, ಕೂತ್ಕೊ" ಎಂದೆ ನಾನು. ಕೂತ. "ಮಲಕ್ಕೊ" ಎಂದೆ. ಮಲಗಿದ. ನೀವು ತಲೆ ಎತ್ತಲಿಲ್ಲ.

"ಅಮ್ಮ ಹೇಳಿದ್ದು ಲೆಕ್ಕಕ್ಕಿಲ್ಲ. ಪರೀಕ್ಷೆ ಮಾಡುವವನು ನಾನು. ವಿಮಾನದಲ್ಲಿ ಕನ್ನಡ ಹೇಳುವವರು ಯಾರಿದ್ದಾರೆ?"

"ಸಾಮಾನು ತುಂಬುವ ಜಾಗದಲ್ಲಿ ಮಲಯಾಳ ಹೇಳುವವರು ಇರ್ತಾರಾ ಸಾರ್?" ಎಂದು ನಿಮ್ಮದೇ ಭಾಷೆಯಲ್ಲಿ ಕೇಳಿದೆ.

ಮಗಳು ನನ್ನ ಸೆರಗು ಎಳೆದಳು. "ಅಮ್ಮಾ, ಸುಮ್ನೆ ಇರು ಮಾರಾಯ್ತಿ. ಸಹಿ ಅವರ ಕೈಯಲ್ಲಿ ಉಂಟು."

ಆಗ ತಾವು ಅಪ್ಪಣೆ ಕೊಡಿಸಿದ ಪರಿಹಾರವನ್ನು ಓದುಗರು ಗಮನವಿಟ್ಟು ಕೇಳಬೇಕು. "ಮೂರು ತಿಂಗಳು ಮಲಯಾಳ ಕಲಿಸಿ ಕರ್ಕೊಂಡು ಬನ್ನಿ. ಇಲ್ಲದಿದ್ದರೆ ಯಾರಿಗಾದರೂ ಕೊಟ್ಟುಬಿಡಿ ಅಮ್ಮೇ. ಅಲ್ಲಿ ಬೇರೆ ನಾಯಿ ಸಿಗದಾ?"

ಮಾನ್ಯರೇ, ಅವನು ಹೊರಟಿರುವುದು ಸ್ವಾಹಿಲಿ ಮಾತನಾಡುವ ಊರಿಗೆ. ಅಲ್ಲಿಗೆ ಹೋಗಲು ಮಲಯಾಳ ಏಕೆ ಬೇಕು? ಹಿಮದ ನಾಡಿನ ಜೂಲು ನಾಯಿಗಳನ್ನು ತಂದು ಈ ಸೆಕೆಯಲ್ಲಿ, ಮೂರನೆಯ ಮಹಡಿಯ ಫ್ಲಾಟಿನಲ್ಲಿ ಕೂಡಿಹಾಕುವವರಿಗೆ ಅಡ್ಡಿಯಿಲ್ಲ. ಇದೇ ಸೆಕೆ, ಇದೇ ಮಳೆ, ಇದೇ ತೆಂಗಿನಮರ ಇರುವ ದೇಶಕ್ಕೆ ಹೋಗುವ ನಾಟಿ ನಾಯಿಗೆ ಭಾಷೆಯ ಪರೀಕ್ಷೆಯೇ?

"ಕರ್ನಾಟಕದವರು ಅಲ್ವಾ, ನಿಮಗೆ ಇಲ್ಲಿನ ಕ್ರಮ ಗೊತ್ತಿಲ್ಲ" ಎಂದೂ ಹೇಳಿದಿರಿ. ನಾನು ಕಾಸರಗೋಡಿನವಳು. ಕೇರಳ ಸರ್ಕಾರದ ಶಾಲೆಯಲ್ಲಿ, ಕೇರಳ ಸರ್ಕಾರ ಕೊಟ್ಟ ಪುಸ್ತಕದಲ್ಲಿ, ಹೈಸ್ಕೂಲು ಮುಗಿಯುವ ತನಕ ಕನ್ನಡದಲ್ಲೇ ಕಲಿತವಳು. ನನ್ನ ಭಾಷೆ ನಿಮ್ಮ ರಾಜ್ಯಕ್ಕೆ ಹೊರಗಿನದಲ್ಲ. ಬೊಳ್ಳು ಹುಟ್ಟಿದ್ದೂ ಇಲ್ಲೇ, ನಮ್ಮ ಶ್ರೀಕಾರ್ಯದ ಮನೆಯ ಹಿಂದಿನ ಮರಗೆಣಸಿನ ಸಾಲಿನಲ್ಲಿ. ಅವನ ತಾಯಿ ಬೀದಿಯಲ್ಲಿ ಯಾವ ಭಾಷೆಯ ಬೈಗುಳ ತಿಂದಳೋ ತಿಳಿಯದು. ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದ ಮೇಲೆ ಅವನು ಕನ್ನಡ ಕಲಿತ.

ಅವನಿಗೆ ಮಲಯಾಳ ಏಕೆ ಕಲಿಸಲಿಲ್ಲ ಎಂದು ನೀವು ಕೇಳಿದಿರಿ. ನಾನೇ ಬೇಡವೆಂದೆ. ನಾಯಿಯ ಹತ್ತಿರ ಈ ಮನೆಯಲ್ಲಿ ಕನ್ನಡ ಮಾತ್ರ ಎಂಬುದು ನಾನು ಹಾಕಿದ ಕಟ್ಟಳೆ. ಮೊಮ್ಮಗಳಿಗೆ "ಊಟಕ್ಕೆ ಬಾ" ಎಂದರೆ "ವೇಂಡ ಅಮ್ಮೂಮ್ಮೇ" ಎಂದು, ಬೇಡ ಅಜ್ಜೀ ಎಂಬ ಉತ್ತರ ಮಲಯಾಳದಲ್ಲೇ ಬರುತ್ತದೆ. ಮಗಳು ಆಫೀಸಿನಿಂದ ಇಂಗ್ಲಿಷನ್ನು ಹೊತ್ತುಕೊಂಡು ಬರುತ್ತಾಳೆ, ಅದನ್ನು ಇಳಿಸುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ನಾನು ಕರೆದ ಮಾತಿಗೆ ಓಡಿ ಬರುವವನು ಬೊಳ್ಳು. ಆದರೆ ನಿಖಿತಾ ಅವನೊಡನೆ ಆಡುವಾಗ "ಚೆಂಡು ತಾ, ಇಲ್ಲಿ ಬಾ, ಕಚ್ಚಬೇಡ ಮಾರಾಯ" ಎನ್ನುತ್ತಾಳೆ. ಅವಳ ಬಾಯಿಂದ ದಿನಕ್ಕೊಮ್ಮೆಯಾದರೂ ಕನ್ನಡ ಹೊರಡುವುದು ಅವನಿಗಾಗಿ. ನೀವು ಅಯೋಗ್ಯ ಎಂದು ಬರೆದದ್ದು ಯಾರ ಮೇಲೆ ಎಂದು ಈಗಲಾದರೂ ತಿಳಿಯಿತೇ? ಅವನನ್ನು ಬಿಟ್ಟು ಹೋದರೆ, ಆ ಪರದೇಶದಲ್ಲಿ ಆ ಮಗು ಯಾರಿಗೆ ಕನ್ನಡದಲ್ಲಿ "ಬಾ" ಎನ್ನಬೇಕು?

ನಮ್ಮ ಪಕ್ಕದ ಮನೆಯ ಜುಬೈದಾ ಅವನನ್ನು ಸಾಕುತ್ತೇನೆ ಎಂದು ಮುಂದೆ ಬಂದಳು. ಅವಳಿಗೆ ಬಾ, ಕೂತ್ಕೊ, ಸಾಕು ಎಂಬ ಮೂರು ಶಬ್ದ ಚೆನ್ನಾಗಿ ಬರುತ್ತದೆ. ಬೇಲಿಯಾಚೆಯಿಂದ ಕೇಳಿ ಕೇಳಿ ಕಲಿತದ್ದು. ನನ್ನನ್ನು ಅಕ್ಕ ಎಂದೇ ಕರೆಯುವ ಅವಳು "ಚೇಚೀ, ನಾಯಿಗಾಗಿ ಇಷ್ಟು ಕಲಿತೆ, ಇನ್ನು ಸ್ವಲ್ಪ ದಿನ ಆಗಿದ್ದರೆ ನಿಮ್ಮ ಜೊತೆ ಕನ್ನಡದಲ್ಲಿ ಜಗಳವನ್ನೇ ಆಡುತ್ತಿದ್ದೆ" ಎಂದು ನಗುತ್ತಾಳೆ. ಅವಳ ಮನಸ್ಸು ದೊಡ್ಡದು. ಆದರೆ ಬೊಳ್ಳುವನ್ನು ನಾನು ಕೊಡುವುದಿಲ್ಲ.

ಈ ಪತ್ರವನ್ನು ಕನ್ನಡದಲ್ಲಿ ಏಕೆ ಬರೆದೆ ಎಂದು ತಮಗೆ ಸಿಟ್ಟು ಬರಬಹುದು. ನನಗೆ ಮಲಯಾಳ ಮಾತನಾಡಲು ಬರುತ್ತದೆ, ಓದಲೂ ಬರೆಯಲೂ ಬರುತ್ತದೆ. ಬೇಕೆಂದೇ ಹೀಗೆ ಬರೆದೆ. ಇದನ್ನು ತಮ್ಮ ಮೇಜಿನ ಮೇಲಿಟ್ಟುಕೊಂಡು ಒಂದು ಗಳಿಗೆ ನೋಡಿ. ಅರ್ಥವಾಗದ ಮಾತಿನ ಎದುರು ಬುದ್ಧಿಯಿರುವ ಜೀವಿಯೊಂದು ಸುಮ್ಮನೆ ನಿಲ್ಲುವುದು ಹೇಗೆ ಎಂಬುದು ತಿಳಿಯುತ್ತದೆ. ಹೆದರಬೇಡಿ. ತಾವು ಆಜ್ಞೆ ಪಾಲಿಸುವುದಿಲ್ಲ ಎಂದು ನಾನು ಎಲ್ಲಿಯೂ ಬರೆಯುವುದಿಲ್ಲ. ಕನ್ನಡ ಬಲ್ಲ ಯಾರನ್ನಾದರೂ ಕರೆದು ಓದಿಸಿಕೊಳ್ಳಿ. ನಮ್ಮ ಬೊಳ್ಳುವಿಗೆ ಆ ಅವಕಾಶವನ್ನು ತಾವು ಕೊಡಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಬರೆದದ್ದನ್ನು ಹೊಡೆದು ಹಾಕಿ, ಮತ್ತೆ ಪರೀಕ್ಷೆ ಮಾಡಿ. ಓಣಂ ರಜೆ ಮುಗಿದು ಕಚೇರಿ ತೆರೆಯುವ ದಿನ ಬೊಳ್ಳುವನ್ನು ಕರೆದುಕೊಂಡು ಬರುತ್ತೇನೆ. ಅಂದು ಸಹಿ ಸಿಗದಿದ್ದರೆ ಮಗಳೂ ಮೊಮ್ಮಗಳೂ ಬೆಕ್ಕೂ ವಿಮಾನ ಹತ್ತಲಿ. ನಾನು ಹತ್ತುವುದಿಲ್ಲ. ಸಹಿಯಾಗುವ ತನಕ ದಿನವೂ ನಿಮ್ಮ ಬಾಗಿಲಲ್ಲಿ ನಾವಿಬ್ಬರೂ ಇರುತ್ತೇವೆ. ದೊಣ್ಣೆ ಕೆಳಗಿಟ್ಟು ಬನ್ನಿ. ಕೂತ್ಕೊ ಎಂಬ ಒಂದು ಶಬ್ದವನ್ನು ನಾನೇ ಹೇಳಿಕೊಡುತ್ತೇನೆ. ಬೊಳ್ಳು ಮರಿಯಾಗಿದ್ದಾಗ ಒಂದೇ ಮಧ್ಯಾಹ್ನದಲ್ಲಿ ಕಲಿತಿದ್ದ. ತಮಗೆ ಬೇಕಾದರೆ ಮೂರು ತಿಂಗಳು ಕೊಡುತ್ತೇನೆ.

ಇಂತಿ,
ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚುತ್ತಿರುವ,
ಸೌದಾಮಿನಿ, ಬೊಳ್ಳುವಿನ ಮನೆಯವಳು
ಶ್ರೀಕಾರ್ಯಂ, ತಿರುವನಂತಪುರ
ಆಗಸ್ಟ್ 2007