ಸ್ಟಾರ್ಟ್ ಇಮಿಡಿಯೇಟ್ಲಿ

೬-೨-೧೯೬೯, ಗುರುವಾರ. ಓಝರ್.

ಜೋಳ ಬೀಸಿಸಿಕೊಂಡು ಬಂದೆ. ಪಾಳಿ ಮುಗಿಸಿದ ಹುಡುಗರು ಉಂಡು ಹೋದರು. ನಮ್ಮ ಖಾನಾವಳಿ ಈಗ ಶಾಂತ. ಡಿಕ್ಷನರಿಯಿಂದ ಇವತ್ತಿನ ಶಬ್ದ — ಇಮಿಡಿಯೇಟ್ಲಿ. ಅರ್ಥ: ಕೂಡಲೇ, ತಡ ಮಾಡದೆ. ಜಾಗಕ್ಕೂ ಹೇಳುತ್ತಾರಂತೆ, ಗೇಟಿನ ಇಮಿಡಿಯೇಟ್ಲಿ ಹಿಂದೆ ಎಂದರೆ ಗೇಟಿನ ಬೆನ್ನಿಗೇ. ನಾಲ್ಕನೇ ಇಯತ್ತೆ ಓದಿದವನು ನಾನು. ವಿಮಾನ ಕಾರ್ಖಾನೆಯ ಈ ಹುಡುಗರ ಅರ್ಜಿ ಬರೆದು ಬರೆದು ಇಷ್ಟು ಇಂಗ್ಲಿಷ್ ಬಂತು.

ನಮ್ಮಲ್ಲಿ ಈ ಶಬ್ದಕ್ಕೆ ಇರುವ ಉಪಯೋಗ ಮಾತ್ರ ಡಿಕ್ಷನರಿಗೂ ಗೊತ್ತಿಲ್ಲ. ಮೂರು ವರ್ಷದ ಹಿಂದೆ ಎಲ್ಲರ ಮನೆಗೂ ನಾನೇ ಪತ್ರ ಬರೆದೆ — ಮದುವೆಯಿರಲಿ, ಕುಬಸವಿರಲಿ, ಮಗ ಬರಬೇಕೆಂದರೆ ಹೀಗೆ ತಾರು ಮಾಡಿ: "ಮದರ್ ಸೀರಿಯಸ್, ಸ್ಟಾರ್ಟ್ ಇಮಿಡಿಯೇಟ್ಲಿ." ಅದಿಲ್ಲದೆ ಸಾಹೇಬರು ರಜೆ ಕೊಡುವುದಿಲ್ಲ. ಅಂದಿನಿಂದ ಎಲ್ಲರ ತಾಯಂದಿರೂ ವರ್ಷಕ್ಕೆರಡು ಸಲ ಸೀರಿಯಸ್. ಗುರುಸಿದ್ದಪ್ಪ ಇವತ್ತೂ ನಗಿಸಿದ. "ಕಾಕಾ, ಹ್ವಾದ ಸಲ ಸೀರಿಯಸ್ ಇದ್ದ ನಮ್ಮವ್ವ ತಾನ ಸ್ಟೇಶನ್ನಿಗೆ ಬಂದ ನಿಂತಿದ್ಳರೀ!"

ಸೋಮವಾರ ಅವನ ಟ್ರೇಡ್ ಟೆಸ್ಟ್. ತಪ್ಪಿದರೆ ಇನ್ನೊಂದು ವರ್ಷ ಹೆಲ್ಪರ್.

೮-೨, ಶನಿವಾರ. ಬೆಳಿಗ್ಗೆ ೧೧.

ತಾರು ಹಂಚುವ ವೈಜನಾಥ ಬಂದಿದ್ದ. ಹುಡುಗರೆಲ್ಲರ ತಾರೂ ಕೇರ್ ಆಫ್ ಶಿವರಾಯ, ನನ್ನ ಹೆಸರಿಗೇ. ಅವನ ರಸೀದಿಯ ಮೇಲೆ ಸಹಿ ಹಾಕಿ, ಹೊತ್ತು ಬರೆದೆ. ಗುರುಸಿದ್ದಪ್ಪನಿಗೆ, ಅಣ್ಣಿಗೇರಿಯಿಂದ. ಮದರ್ ಸೀರಿಯಸ್... ನನ್ನದೇ ವಾಕ್ಯ, ಒಂದಕ್ಷರ ಬಿಡದೆ. ಹೆಣ್ಣು ನೋಡಲಿಕ್ಕೆ ಬಾ ಎಂದು ಹೋದ ವಾರ ಪತ್ರ ಬಂದಿತ್ತಲ್ಲ, ಅದೇ ಇದು.

ಹೆಂಡತಿ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. "ಅವನ ಕೈಯಾಗ ಕೊಟ್ಟಬಿಡ್ರಿ. ಹೋಗೂದು ಬಿಡೂದು ಅವಂಗ ಸೇರಿದ್ದು."

"ಹೆಣ್ಣೇನು ಓಡಿ ಹೋಗತಾಳ? ಟೆಸ್ಟ್ ಮುಗೀಲಿ."

"ಎರಡಕ್ಷರ ಇಂಗ್ಲಿಷ್ ಬಂದದ್ದ ತಡ, ಮಂದಿ ಮಕ್ಕಳಿಗೆಲ್ಲಾ ಯಜಮಾನರಾದ್ರಿ ನೀವು."

ಡಿಕ್ಷನರಿಯೊಳಗೆ ಇಟ್ಟೆ.

೯-೨, ರವಿವಾರ.

ಊಟಕ್ಕೆ ಕೂತ ಗುರುಸಿದ್ದಪ್ಪ ಕೇಳಿದ, "ಊರಿಂದ ಏನರ ಬಂತೇನ್ರಿ ಕಾಕಾ?"

ಇಲ್ಲ ಎಂದೆ. ಕಸ್ತೂರಿ ಅವನ ರೊಟ್ಟಿಗೆ ಬೆಣ್ಣೆ ಹಾಕಿದಳು. ನನ್ನ ಕಡೆ ನೋಡಲಿಲ್ಲ.

೧೦-೨, ಸೋಮವಾರ. ಸಂಜೆ.

ಟೆಸ್ಟ್ ಚೆನ್ನಾಗಿ ಆಯಿತಂತೆ. ತಾರು ಕೊಟ್ಟೆ. "ಈಗ ಬಂತಪಾ" — ಎಷ್ಟು ಸಲೀಸಾಗಿ ಬಂತು ಸುಳ್ಳು. ಅವನೂ ನಕ್ಕ. "ಹೆಣ್ಣ ನೋಡಾಕ ಇಷ್ಟ ಗಡಿಬಿಡಿ ಏನ್ರಿ!" ಆದರೂ ಚೀಲ ತುಂಬಿಕೊಂಡು ಪುಣೆಯ ಬಸ್ಸು ಹಿಡಿದ.

೧೧-೨, ಮಂಗಳವಾರ.

ವೈಜನಾಥ ಇನ್ನೊಂದು ತಾರು ತಂದ. ಮದರ್ ಎಕ್ಸ್‌ಪೈರ್ಡ್ ಮಂಡೇ ಮಾರ್ನಿಂಗ್.

ಇದರಲ್ಲಿ ಇಮಿಡಿಯೇಟ್ಲಿ ಇಲ್ಲ.

ಶನಿವಾರ ಮಧ್ಯಾಹ್ನ ಹೊರಟಿದ್ದರೆ ರವಿವಾರವೇ ಊರು ಸೇರುತ್ತಿದ್ದ. ಸಿಗುತ್ತಿದ್ದಳು.

೨೭-೨, ಗುರುವಾರ. ಔರಂಗಾಬಾದ್.

ಹದಿನೈದು ದಿನದ ಮೇಲಾಯಿತು ಬರೆದು. ಗುರುಸಿದ್ದಪ್ಪ ಊರಿಂದ ಹೊರಟನೆಂದು ಗೊತ್ತಾದ ದಿನವೇ ಮಗಳ ಮನೆಗೆ ಬಂದೆ. ಮೊಣಕಾಲಿಗೆ ಔಷಧ ಎಂಬ ನೆವ. ಮೊಣಕಾಲು ನೆಟ್ಟಗಿದೆ.

ಇವತ್ತು ಅವನ ಪತ್ರ ಇಲ್ಲಿಗೇ ಬಂತು. "ಕಾಕಾ, ಮನ್ಯಾಗ ಶುಕ್ರವಾರ ಸಂಜೀಕೇ ತಾರ ಕೊಟ್ಟಾರ. ರವಿವಾರ ಬಸ್ಸಿನ ಸಪ್ಪಳಾದಾಗೊಮ್ಮೆ ಅವ್ವ, ಬಂದನೇನ ನೋಡ್ರಿ ಅಂತಿದ್ಳಂತ. ಮೂರ ದಿನ ಆ ವೈಜನಾಥ ತಾರ ಎಲ್ಲಿ ಇಟಗೊಂಡಿದ್ನೋ! ಬಾಜಾರದಾಗ ಅವನ ಕೊಳ್ಳಪಟ್ಟಿ ಹಿಡಿದೇನಿ, ಶನಿವಾರನ ಕೊಟ್ಟೇನಿ ಅಂತ ಸುಳ್ಳ ಹೇಳಿದ. ನೀವು ಇಂಗ್ಲಿಷ್‌ನಾಗ ಒಂದು ಅರ್ಜಿ ಬರದ ಕೊಡ್ರಿ, ಅವನ ನೌಕರಿ ಹೋಗೂ ಹಂಗ. ನಿಮ್ಮನ್ನ ಬಿಟ್ರ ನನಗ ಯಾರದಾರ?"

ಓದಿದಾಗ ಮೊದಲು ನೆನಪಾದದ್ದು ವೈಜನಾಥನ ಹೆಂಡತಿ ಮಕ್ಕಳಲ್ಲ. ಅವನ ಹತ್ತಿರ ಇರುವ ನನ್ನ ಸಹಿ, ಅದರ ಪಕ್ಕದ ಹನ್ನೊಂದು ಗಂಟೆ. ಇಂಥವನು ನಾನು. ಐವತ್ತೆಂಟು ವರ್ಷಕ್ಕೆ ಗೊತ್ತಾಯಿತು.

ವೇದಾವತಿಗೆ ಏನೂ ತಿಳಿಯದು. "ಬರದ ಕೊಡ್ರಿ ಅಪ್ಪಾ, ಪಾಪ. ತಾಯೀನ್ನ ಕಳಕೊಂಡಾನ."

ಬರೆಯಲು ಕೂತೆ. ಹೌದು, ಕೂತೆ. "ಸರ್, ದ ಟೆಲಿಗ್ರಾಂ ವಾಜ್ ನಾಟ್ ಡೆಲಿವರ್ಡ್ ಇಮಿಡಿಯೇಟ್ಲಿ..." ಅಲ್ಲಿಯವರೆಗೆ ಬರೆದು ಹರಿದೆ. ನಾಳೆಯ ಬಸ್ಸಿಗೆ ಓಝರ್.

೨-೩, ರವಿವಾರ. ಓಝರ್.

ನಿನ್ನೆಯೇ ಹೇಳಬೇಕಿತ್ತು. ಇವತ್ತು ಗುರುಸಿದ್ದಪ್ಪನಿಗೆ ಹೇಳಿದೆ. ಅಡುಗೆಮನೆಯಲ್ಲಿ, ಕಸ್ತೂರಿಯ ಎದುರಿಗೇ. ನಿನ್ನ ಟೆಸ್ಟಿನ ಸಲುವಾಗಿ ಎಂದು ಶುರು ಮಾಡಿ, ಆ ಮಾತನ್ನು ಅಲ್ಲಿಗೇ ಬಿಟ್ಟೆ. ಶನಿವಾರವೇ ಬಂದಿತ್ತು, ನಾನೇ ಇಟ್ಟುಕೊಂಡೆ — ಇಷ್ಟೇ ಹೇಳಿದೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಒಲೆಯ ಮುಂದೆ ಕೂತು ಕಟ್ಟಿಗೆ ಒಳಗೆ ನೂಕಿದ.

"ರವಿವಾರ ನಾ ಕೇಳಿದ್ದೆ."

"ಕೇಳಿದ್ದಿ."

"ಇಲ್ಲ ಅಂದ್ರಿ."

"ಅಂದೆ."

ಎದ್ದ. "ವೈಜನಾಥನ ಮನೀಗೆ ಹೋಗೂಣು. ನಾಕ ಮಂದ್ಯಾಗ ಅವನ ಮಾನಾ ಕಳದೇನಿ. ಅಲ್ಲೇ ನಾಕ ಮಂದ್ಯಾಗ ನೀವು ಹೇಳಬೇಕು. ಏಳ್ರಿ."

ಅಂಗಿ ಹಾಕಿಕೊಂಡು ಬರುತ್ತೇನೆ ಎಂದು ಒಳಗೆ ಬಂದವನು ಇದನ್ನು ಬರೆಯುತ್ತ ಕೂತಿದ್ದೇನೆ. ಬರೆಯುವುದೂ ತಡ ಮಾಡುವುದೇ. ಅವನು ಹೊರಗೆ ನಿಂತಿದ್ದಾನೆ. ಕಸ್ತೂರಿ ಚಹಾ ಕೊಟ್ಟರೆ ಬೇಡವೆಂದ. ಈಗ ಕರೆದ. ಮತ್ತೆ ಕರೆಯುತ್ತಿದ್ದಾನೆ. ಕಾಕಾ ಎನ್ನುತ್ತಿಲ್ಲ. ಶಿವರಾಯರ, ಹೊತ್ತಾತ್ರೀ, ಎಂದು —